ಮಾತಾಡದ ಸ್ಕ್ರಿಪ್ಟನ್ನು ನಂಬಬೇಡ, ಪುಟ್ಟಿ

ಬೆಳ್ಳಾರೆ,
ಆಟಿ ತಿಂಗಳು

ಚಿ. ಪುಟ್ಟಿ,

ಅಡಿಕೆಗೆ ಎರಡನೆಯ ಮದ್ದು ಬಿಡುವಷ್ಟು ಮಳೆ ಬಿಟ್ಟು ಹೊಳವು ಸಿಕ್ಕೀತೇ ಎಂದು ದಿನಾ ಆಕಾಶ ನೋಡುತ್ತಿದ್ದೇವೆ. ನಿನ್ನತ್ತೆ ಪತ್ರೊಡೆಗೆ ಕೆಸುವಿನೆಲೆ ಕೊಯ್ದು ತಂದಿಟ್ಟಿದ್ದಾಳೆ. ನೀನು ಬೆಂಗಳೂರಿನ ಬ್ಯಾಂಕ್ ಕಚೇರಿಯಲ್ಲಿ ಕ್ಯೂ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೆಲಸಕ್ಕೆ ಸೇರಿದ್ದು ತಿಳಿದು ಸಂತೋಷವಾಯಿತು. ಹಿಂದಿನವರು ಬರೆದಿಟ್ಟ ಸ್ಕ್ರಿಪ್ಟುಗಳನ್ನು ನೋಡಿ "ಇದು ಪ್ರೋಗ್ರಾಮೋ ಜೋಯಿಸರ ಕವಡೆ ಲೆಕ್ಕವೋ" ಎಂದು ಅಮ್ಮನ ಹತ್ತಿರ ದೂರು ಹೇಳಿದೆಯಂತೆ. ಅಮ್ಮ ಅದನ್ನು ನನ್ನ ತಲೆಗೆ ಕಟ್ಟಿದಳು. ಅದೇ ಭಾಷೆಯಲ್ಲಿ ಮುಂಬೈಯಲ್ಲೂ ಆಮೇಲೆ ಬೆಂಗಳೂರಿನಲ್ಲೂ ಅನ್ನ ಉಂಡವನು ನಾನು. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ, ಹೂಂ ಮಾವ" ಎಂದು ಮುಗಿಸಿಬಿಡುತ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಕವಡೆ ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ. ಕೆನಡಾದಲ್ಲಿ ಹುಟ್ಟಿದ ಕೆನೆತ್ ಐವರ್ಸನ್ ಎಂಬ ಗಣಿತದ ಮೇಷ್ಟ್ರು ಹಾರ್ವರ್ಡಿನಲ್ಲಿ ಪಾಠ ಹೇಳುವಾಗ, ಬೋರ್ಡಿನ ಮೇಲೆ ಬರೆಯಲಿಕ್ಕೆಂದು ಒಂದು ಸಂಕೇತ ಪದ್ಧತಿ ಮಾಡಿಕೊಂಡರು. 1962ರಲ್ಲಿ ಅದು ಪುಸ್ತಕವಾಯಿತು. ಆ ಪುಸ್ತಕದ ಹೆಸರಿನ ಮೊದಲಕ್ಷರಗಳೇ ಎಪಿಎಲ್ ಭಾಷೆಯ ಹೆಸರಾದವು. 1979ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರ ಒಡನಾಟದಲ್ಲಿ ಬೆಳೆದ ಆರ್ಥರ್ ವಿಟ್ನಿ 1989ರ ಬೇಸಿಗೆಯಲ್ಲಿ ಐವರ್ಸನ್ನರ ತೋಟದ ಮನೆಗೆ ಹೋಗಿದ್ದಾಗ, ಒಂದು ಮಧ್ಯಾಹ್ನದೊಳಗೆ ಒಂದೇ ಪುಟದಲ್ಲಿ ಹೊಸದೊಂದು ಭಾಷೆಯ ಇಂಟರ್‌ಪ್ರಿಟರಿನ ಮಾದರಿ ಬರೆದುಕೊಟ್ಟರು. ಮುಂದೆ ಜೆ ಭಾಷೆ ಹುಟ್ಟಿದ್ದು ಆ ಪುಟದಿಂದ. ಅದೇ ವಿಟ್ನಿ ಮಾರ್ಗನ್ ಸ್ಟಾನ್ಲಿಯಲ್ಲಿದ್ದಾಗ ಎ ಪ್ಲಸ್ಸಿಗೆ ಮೂಲವಾದ ಎ ಭಾಷೆ ಮಾಡಿದರು, 1993ರಲ್ಲಿ ಕೆಎಕ್ಸ್ ಕಂಪೆನಿ ಕಟ್ಟಿದರು, ಕೆ ಭಾಷೆ ಬರೆದರು, 1998ರಲ್ಲಿ ಅದರ ಮೇಲೆ ಕೆಡಿಬಿ ಡೇಟಾಬೇಸ್ ತಂದರು. 2003ರಲ್ಲಿ ಕೆಡಿಬಿ ಪ್ಲಸ್ ಬಂತು, ಜೊತೆಗೆ ನಿನ್ನ ಈ ಕ್ಯೂ. ಕ್ಯೂ ಓಡಿಸುವ ಇಡೀ ಯಂತ್ರ ಒಂದು ಎಂಬಿಯೊಳಗೆ ಮುಗಿಯುತ್ತದೆ. ನೀನು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ದೊಡ್ಡದು.

ಈ ಭಾಷೆಯನ್ನು ಓದುವುದೇನೂ ಕಷ್ಟವಿಲ್ಲ. ಬಲದಿಂದ ಎಡಕ್ಕೆ ಓದಬೇಕು, ಗುಣಾಕಾರ ಮೊದಲು ಕೂಡುವುದು ಆಮೇಲೆ ಎಂಬ ಶಾಲೆಯ ನಿಯಮವನ್ನು ಮರೆಯಬೇಕು, ಅಷ್ಟೆ. ಆದರೆ ಮರೆಯದಿದ್ದರೆ ದುಡ್ಡು ಹೋಗುತ್ತದೆ. 100 ಕಿಲೋ ಅಡಿಕೆ ಪುತ್ತೂರಿಗೆ ಕಳಿಸಿದೆವು, ಕಿಲೋಗೆ 400 ರೂಪಾಯಿ, ಪಿಕಪ್ ಬಾಡಿಗೆ 500 ಎಂದಿಟ್ಟುಕೋ. 100*400-500 ಎಂದು ಬರೆದರೆ ಕ್ಯೂ ಮೊದಲು 400ರಿಂದ 500 ಕಳೆಯುತ್ತದೆ, ಆಮೇಲೆ ನೂರರಿಂದ ಗುಣಿಸುತ್ತದೆ. ಉತ್ತರ ಮೈನಸ್ 10000. ಅಡಿಕೆಯನ್ನೂ ಕೊಟ್ಟು ಹತ್ತು ಸಾವಿರವನ್ನೂ ಕೊಟ್ಟು ಬಂದ ಹಾಗಾಯಿತು! -500+100*400 ಎಂದು ಬರೆ, 39500 ಬರುತ್ತದೆ. ಬ್ರಾಕೆಟ್ ಹಾಕಿದರೂ ಆಗುತ್ತದೆ, ಆದರೆ ಈ ಭಾಷೆಯ ಜನ ಬ್ರಾಕೆಟ್ ಕಂಡರೆ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡು, ಸಂಶಯವಿದ್ದಲ್ಲಿ ನೀನು ಹಾಕು.

ಈಗ ಮುಖ್ಯ ವಿಷಯ. ನನ್ನ ಅಪ್ಪ, ಅಂದರೆ ನಿನ್ನ ಅಜ್ಜ, ಮಳೆ ಪುಸ್ತಕ ಬರೆಯುತ್ತಿದ್ದದ್ದು ನಿನಗೆ ನೆನಪಿರಬೇಕು. ಅಂಗಳದ ಮೂಲೆಯ ಮಳೆಮಾಪಕದಿಂದ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ಒಂದು ಗೆರೆ ಬರೆಯುವುದು. ಸುಳ್ಯ, ಪುತ್ತೂರು ಕಡೆ ಹೀಗೆ ಮಳೆ ಬರೆದಿಡುವ ಕೃಷಿಕರು ಇವತ್ತಿಗೂ ಇದ್ದಾರೆ. ಮದ್ದು ಬಿಡುವ ದಿನ ಗೊತ್ತು ಮಾಡುವುದಕ್ಕೆ ಅದು ಬೇಕು. ಮದ್ದು ಎಂದರೆ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ಅಲ್ಲಿಂದ 40–45 ದಿನಕ್ಕೆ ಇನ್ನೊಂದು ಸಲ. ಎರಡನೆಯದಕ್ಕೆ ಹೊಳವು ಸಿಗಲಿಲ್ಲವೆಂದರೆ ಆ ವರ್ಷದ ಬೆಳೆ ಕೊಳೆರೋಗಕ್ಕೆ ಕೊಟ್ಟಂತೆಯೇ ಲೆಕ್ಕ. ನಿವೃತ್ತನಾಗಿ ಬಂದ ಮೇಲೆ ನಾನು ಆ ಪುಸ್ತಕಗಳನ್ನೆಲ್ಲ ಹಳೆಯ ಲ್ಯಾಪ್‌ಟಾಪಿನಲ್ಲಿ ಕ್ಯೂ ಟೇಬಲ್ಲಿಗೆ ಹಾಕಿದೆ. ಸ್ವಂತ ಬಳಕೆಗೆ ಕಂಪೆನಿ ಉಚಿತ ಲೈಸೆನ್ಸ್ ಕೊಡುತ್ತದೆ. ಕ್ಯೂಗೆ 2000ದ ಜನವರಿ 1 ಸೊನ್ನೆಯ ದಿನ. ಅದಕ್ಕೆ ಮೊದಲಿನ ಅಜ್ಜನ ಬರಹವೆಲ್ಲ ಒಳಗೆ ಮೈನಸ್ ಸಂಖ್ಯೆಯಾಗಿ ಕೂತಿದೆ. ತೊಂದರೆ ಏನಿಲ್ಲ.

ಆಟಿಯ ಅತಿ ಉದ್ದದ ಹೊಳವು ಎಷ್ಟು ದಿನದ್ದೆಂದು ಕೇಳುವ ಸಾಲು ಹೀಗಿದೆ: ಮ್ಯಾಕ್ಸ್ ಡೆಲ್ಟಾಸ್ ವೇರ್ ಮಳೆ>=2.5. ಬಲದಿಂದ ಓದು. ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವೇ ಮಳೆಯ ದಿನ. ಐದು ದಿನದ ಮಳೆ 12 0 0 0 8 ಇದ್ದರೆ, ಮೊದಲ ಹೆಜ್ಜೆಗೆ 1 0 0 0 1 ಆಗುತ್ತದೆ. "ವೇರ್" ಒಂದುಗಳು ಇರುವ ಜಾಗವನ್ನು ಸೊನ್ನೆಯಿಂದ ಎಣಿಸಿ ಹೇಳುತ್ತದೆ: 0 4. "ಡೆಲ್ಟಾಸ್" ಮೊದಲನೆಯದನ್ನು ಹಾಗೇ ಬಿಟ್ಟು ಪಕ್ಕಪಕ್ಕದವುಗಳ ಅಂತರ ತೆಗೆಯುತ್ತದೆ: 0 4. "ಮ್ಯಾಕ್ಸ್" 4 ಕೊಡುತ್ತದೆ. ಒಂದು ಕಳೆದರೆ ಮೂರು ದಿನ ಹೊಳವು. ಲೂಪ್ ಇಲ್ಲ, ಇಫ್ ಇಲ್ಲ. ಬೇರೆ ಭಾಷೆಯಲ್ಲಿ ಇದಕ್ಕೆ ಅರ್ಧ ಪುಟ ಬೇಕು. ಇದನ್ನು ಮೊದಲ ಸಲ ನೋಡಿದಾಗ ಖುಷಿಯಾಗದವರು ಈ ಕೆಲಸಕ್ಕೆ ಬರಬಾರದು.

ಆದರೆ ಮಾರಾಯ್ತಿ, ಆ ಮೂರು ಸೊನ್ನೆಗಳ ಜಾಗದಲ್ಲಿ ಅಜ್ಜ ಏನೂ ಬರೆಯದೆ ಖಾಲಿ ಬಿಟ್ಟಿದ್ದರೆ? ಸೊನ್ನೆ ಎಂದರೆ ಮಳೆ ಬರಲಿಲ್ಲ. ಖಾಲಿ ಎಂದರೆ ಅಳೆಯಲಿಲ್ಲ. ಕ್ಯೂನಲ್ಲಿ ಖಾಲಿಗೆ ಬೇರೆಯೇ ಗುರುತಿದೆ, ನಲ್. ಸರಾಸರಿ ತೆಗೆಯುವಾಗ ಅದನ್ನು ಬಿಟ್ಟೇ ಲೆಕ್ಕ ಹಾಕುತ್ತದೆ: 30, ಖಾಲಿ, 60 ಎಂದಿದ್ದರೆ ಸರಾಸರಿ 45, ಖಾಲಿಯ ಜಾಗಕ್ಕೆ ಸೊನ್ನೆ ತುಂಬಿದರೆ 30. ಅದು ಸರಿಯಾಗಿಯೇ ಇದೆ. ಹೋಲಿಸಲು ಹೊರಟರೆ ಮಾತ್ರ ಎಚ್ಚರ ಬೇಕು. ಕ್ಯೂನ ಕಣ್ಣಿಗೆ ನಲ್ ಎಂಬುದು ಎಲ್ಲ ಸಂಖ್ಯೆಗಿಂತಲೂ ಚಿಕ್ಕದು. "2.5ಕ್ಕಿಂತ ಕಡಿಮೆ ಮಳೆಯ ದಿನ ಕೊಡು" ಎಂದರೆ ಅಳೆಯದ ದಿನಗಳನ್ನೂ ಸೇರಿಸಿ ಕೊಡುತ್ತದೆ. ನನ್ನ ಆ ಚಂದದ ಸಾಲು 12, ಖಾಲಿ, ಖಾಲಿ, ಖಾಲಿ, 8ಕ್ಕೂ "ಮೂರು ದಿನ ಹೊಳವು" ಎಂದೇ ಹೇಳುತ್ತದೆ.

ಪುಸ್ತಕದಲ್ಲಿ ಖಾಲಿ ಬೀಳುವುದು ಯಾವಾಗ ಹೇಳು? ಬಿಸಿಲಿನ ದಿನ ಅಳೆಯಲು ಯಾರಿಗೂ ತೊಂದರೆಯಿಲ್ಲ. ಮರ ಬಿದ್ದು, ಕಾಲುಸಂಕ ಕೊಚ್ಚಿಹೋಗಿ, ಮನೆಮಂದಿಯೆಲ್ಲ ಬೇರೆ ಗಡಿಬಿಡಿಯಲ್ಲಿರುವಾಗಲೇ ಅಳೆಯುವುದು ತಪ್ಪುವುದು. 2018ರ ಆಗಸ್ಟ್ ಮಧ್ಯದಲ್ಲಿ, ಸಂಪಾಜೆಯಿಂದ ಮಡಿಕೇರಿಗೆ ಹೋಗುವ ದಾರಿಯ ಜೋಡುಪಾಲದಲ್ಲಿ ಗುಡ್ಡ ಜರಿದ ದಿನಗಳಲ್ಲಿ, ನಮ್ಮ ಪುಸ್ತಕದಲ್ಲಿ ಬರೀ ಗೆರೆ ಇದೆ, ಸಂಖ್ಯೆ ಇಲ್ಲ. ಕೊಡಗಿನ ಗಡಿ ಕುಸಿಯುತ್ತಿದ್ದ ಆ ವಾರವನ್ನು ಸ್ಕ್ರಿಪ್ಟು ಮದ್ದು ಬಿಡಲು ಪ್ರಶಸ್ತವಾದ ಹೊಳವೆಂದು ತೋರಿಸುತ್ತದೆ. ಅದೂ ಯಾವ ಗೊಣಗಾಟವೂ ಇಲ್ಲದೆ, ಮಿಲಿಸೆಕೆಂಡಿನಲ್ಲಿ. ಷೇರು ಮಾರುಕಟ್ಟೆಯಲ್ಲೂ ಹೀಗೇ. ಬೆಲೆ ಬರುವುದು ತಪ್ಪುವುದು ಮಾರುಕಟ್ಟೆ ಮಂಕಾಗಿರುವ ದಿನವಲ್ಲ, ಎಲ್ಲರೂ ಒಟ್ಟಿಗೆ ಮಾರಲು ಬಿದ್ದು ಲೈನು ಜಾಮ್ ಆದ ದಿನ.

ನಾನು ಹೇಳಲು ಕೂತದ್ದು ಇದನ್ನೇ. ಪ್ರಾಂಪ್ಟಿನ ಎದುರು ಕೂತು ಯೋಚಿಸುವಾಗ ಕ್ಯೂನಷ್ಟು ಒಳ್ಳೆಯ ಭಾಷೆ ಇಲ್ಲ. ಒಂದು ಸಾಲು ಬರೆದರೆ ಉತ್ತರ ಕಣ್ಣೆದುರೇ ಬರುತ್ತದೆ, ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ, ಆಗ ಚುಟುಕಾಗಿದ್ದಷ್ಟೂ ಲಾಭ. ಅದೇ ಸಾಲನ್ನು ಫೈಲಿಗೆ ಹಾಕಿ ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವಂತೆ ಮಾಡಿದೆಯೋ, ಲೆಕ್ಕವೇ ಬೇರೆ. ಎದುರಿಗೆ ನೀನಿಲ್ಲ. ಬರೆಯುವಾಗ ಜಿಪುಣಿಯಾಗಿರು, ಓಡಿಸುವಾಗ ಧಾರಾಳಿಯಾಗು. ಹಿಂದಿನವರ ಸ್ಕ್ರಿಪ್ಟು ನಿನಗೆ ಅರ್ಥವಾಗದಿರುವುದು ದೊಡ್ಡ ಸಮಸ್ಯೆಯಲ್ಲ, ಒಂದು ತಿಂಗಳಲ್ಲಿ ಆಗುತ್ತದೆ. ಅವು ಓಡಿದ ಮೇಲೆ ತುಟಿ ಬಿಚ್ಚದಿರುವುದು ದೊಡ್ಡ ಸಮಸ್ಯೆ.

ಓಡಿಸುವಾಗ ಏನೇನಾಗುತ್ತದೆ ನೋಡು. ಹೊರಗಿಂದ ತಾರೀಖು ಕೊಟ್ಟು ಓಡಿಸುವ ಸ್ಕ್ರಿಪ್ಟು ಎಂದಿಟ್ಟುಕೋ. ಕಮಾಂಡ್ ಸಾಲಿನಲ್ಲಿ ಕೊಟ್ಟದ್ದೆಲ್ಲ ಬರೀ ಅಕ್ಷರಗಳಾಗಿ ಒಳಗೆ ಬರುತ್ತದೆ, ಅದನ್ನು ತಾರೀಖಾಗಿ ಬದಲಾಯಿಸಬೇಕು. ಯಾರೋ ನಿದ್ದೆಗಣ್ಣಿನಲ್ಲಿ 2018.08.32 ಎಂದು ಒತ್ತಿದರೆ ಬೇರೆ ಹಲವು ಭಾಷೆಗಳು ಕೂಗಾಡುತ್ತವೆ. ಕ್ಯೂ ಕೂಗಾಡುವುದಿಲ್ಲ, ನಲ್ ತಾರೀಖು ಮಾಡಿಕೊಡುತ್ತದೆ. ಆ ತಾರೀಖಿನ ಸಾಲು ಟೇಬಲ್ಲಿನಲ್ಲಿ ಒಂದೂ ಇಲ್ಲ. ಖಾಲಿ ಪಟ್ಟಿಯನ್ನು ಕೂಡಿದರೆ 0. ವರದಿಯಲ್ಲಿ "ಮಳೆ 0 ಮಿ.ಮೀ." ಎಂದು ಅಚ್ಚಾಗುತ್ತದೆ, ಸ್ಕ್ರಿಪ್ಟು "ಎಕ್ಸಿಟ್ 0" ಎಂದು ಗೆದ್ದವರಂತೆ ಹೊರಬರುತ್ತದೆ. ಬೆಳಿಗ್ಗೆ ನೋಡುವವರಿಗೆ ಎಲ್ಲ ಹಸಿರು. ಆದ್ದರಿಂದ ತಾರೀಖು ಒಳಗೆ ಬಂದ ಕೂಡಲೇ ನಲ್ ಹೌದೋ ಅಲ್ಲವೋ ನೋಡು, ಹೌದಾದರೆ ಅಲ್ಲೇ ನಿಲ್ಲಿಸಿ, ಸೋತೆ ಎಂದು ಹೇಳುವ "ಎಕ್ಸಿಟ್ 1" ಮಾಡು. ಮುಖ್ಯ ಕೆಲಸವನ್ನೆಲ್ಲ ಒಂದು ಫಂಕ್ಷನ್ನಿನೊಳಗೆ ಇಟ್ಟು, ಅದನ್ನು ದೋಷ ಹಿಡಿಯುವ ಟ್ರ್ಯಾಪಿನೊಳಗಿಂದ ಕರೆ. ಇಲ್ಲದಿದ್ದರೆ ದೋಷ ಬಂದಾಗ ಅದು "ಟೈಪ್" ಅಂತಲೋ "ಲೆಂತ್" ಅಂತಲೋ ಒಂದು ಪದ ಉಗುಳಿ ಡಿಬಗ್ ಪ್ರಾಂಪ್ಟಿನಲ್ಲಿ ಕುಕ್ಕರಿಸಿಬಿಡುತ್ತದೆ. ಎಲ್ಲ ಸರಿಯಾಗಿ ನಡೆದರೂ ಕೊನೆಯಲ್ಲಿ "ಎಕ್ಸಿಟ್" ಬರೆಯದಿದ್ದರೆ ಕೆಲಸ ಮುಗಿಸಿ ಪ್ರಾಂಪ್ಟಿನ ಎದುರು ನಿನಗಾಗಿ ಕಾಯುತ್ತದೆ. ಪೋರ್ಟ್ ಬೇರೆ ತೆರೆದಿಟ್ಟಿದ್ದರೆ ಮರುದಿನದ ಸ್ಕ್ರಿಪ್ಟಿಗೆ ಆ ಪೋರ್ಟ್ ಸಿಗುವುದಿಲ್ಲ.

ಇನ್ನೆರಡು ಸಣ್ಣ ಗುಂಡಿಗಳಿವೆ, ಹೊಸಬರು ಬೀಳುವುದು ಅಲ್ಲಿಯೇ. ಒಂದು ಸಾಲಿನಲ್ಲಿ ಒಂಟಿ ಸ್ಲ್ಯಾಶ್ ಬಿಟ್ಟರೆ, ಒಂಟಿ ಬ್ಯಾಕ್‌ಸ್ಲ್ಯಾಶ್ ಇರುವ ಸಾಲು ಸಿಗುವವರೆಗೆ ಉಳಿದದ್ದೆಲ್ಲ ಕಾಮೆಂಟ್. ಸಿಗದಿದ್ದರೆ ಫೈಲಿನ ಕೊನೆಯವರೆಗೂ ಅಷ್ಟೇ, ಅರ್ಧ ಸ್ಕ್ರಿಪ್ಟು ಸದ್ದಿಲ್ಲದೆ ಮಾಯ. ಮತ್ತೊಂದು, ಬ್ಯಾಕ್‌ಸ್ಲ್ಯಾಶ್ ಎಲ್ ಕೊಟ್ಟು ಡೇಟಾಬೇಸಿನ ಫೋಲ್ಡರನ್ನು ಲೋಡ್ ಮಾಡಿದರೆ ಕ್ಯೂ ತಾನೂ ಆ ಫೋಲ್ಡರಿನೊಳಗೆ ಹೋಗಿ ಕೂರುತ್ತದೆ. ಆಮೇಲೆ ಪಕ್ಕದ ಫೈಲನ್ನು ಬರೀ ಹೆಸರಿಂದ ಕರೆದರೆ ಸಿಗುವುದಿಲ್ಲ. ಮೊದಲು ಸ್ಕ್ರಿಪ್ಟುಗಳನ್ನೆಲ್ಲ ಲೋಡ್ ಮಾಡು, ಡೇಟಾಬೇಸ್ ಕೊನೆಗೆ.

ನಿನ್ನ ಕಚೇರಿಯಲ್ಲಿ ಕರೆಂಟ್ ಹೋಗುವುದಿಲ್ಲ. ನಮ್ಮಲ್ಲಿ ಗಾಳಿ ಬೀಸಿದರೆ ಸಾಕು, ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಮುದಿಯಾಗಿದೆ. ಸ್ಕ್ರಿಪ್ಟು ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಓಡಿಸಬೇಕು, ಆಗ ಒಂದು ದಿನದ ಮಳೆ ಎರಡು ಸಲ ಸೇರಬಾರದು. ಅದಕ್ಕೆ ನನ್ನ ಟೇಬಲ್ಲಿಗೆ ಊರು, ತಾರೀಖು ಎರಡನ್ನೂ ಕೀ ಮಾಡಿದ್ದೇನೆ. ಕೀ ಇರುವ ಟೇಬಲ್ಲಿಗೆ "ಅಪ್‌ಸರ್ಟ್" ಕೊಟ್ಟರೆ ಹಳೆಯ ಸಾಲಿನ ಮೇಲೆಯೇ ಬರೆಯುತ್ತದೆ, "ಇನ್‌ಸರ್ಟ್" ಕೊಟ್ಟರೆ ಈಗಾಗಲೇ ಇದೆ ಎಂದು ತಕರಾರು ತೆಗೆಯುತ್ತದೆ. ಕೀ ಇಲ್ಲದ ಟೇಬಲ್ಲಿಗೆ ಎರಡೂ ಒಂದೇ, ಸುಮ್ಮನೆ ಕೆಳಗೆ ಇನ್ನೊಂದು ಸಾಲು ಅಂಟಿಸುತ್ತವೆ. ಎರಡು ಸಲ ಓಡಿಸಿದರೂ ಒಂದು ಸಲ ಓಡಿಸಿದ ಫಲವೇ ಬರಬೇಕು. ಕರೆಂಟ್ ಹೋಗದ ಊರಿನಲ್ಲೂ ಗಾಬರಿಯಿಂದ ಎರಡು ಸಲ ಎಂಟರ್ ಒತ್ತುವವರು ಇದ್ದೇ ಇರುತ್ತಾರೆ.

ತಾರೀಖಿನಂತೆ ತಾಲ್ಲೂಕೂ ಮೋಸ ಮಾಡುತ್ತದೆ, ಅದಕ್ಕೆ ಕಡಬದ ಕತೆ ನಿನಗೆ ಕೆಲಸಕ್ಕೆ ಬರುತ್ತದೆ. ಕಡಬ ತಾಲ್ಲೂಕಾದದ್ದು ಈಚೆಗೆ. ಅದಕ್ಕೆ ಮೊದಲು ಆಲಂಕಾರು, ರಾಮಕುಂಜ ಎಲ್ಲ ಪುತ್ತೂರು ತಾಲ್ಲೂಕು, ಸುಬ್ರಹ್ಮಣ್ಯ ಸುಳ್ಯದ್ದು. ನನ್ನ ಟೇಬಲ್ಲಿಗೆ ಆ ಊರುಗಳ ನೆಂಟರ ಪುಸ್ತಕಗಳನ್ನೂ ಸೇರಿಸಿದ್ದೇನೆ. ತಾಲ್ಲೂಕಿನ ಕಾಲಂ ನೋಡಿ ಮೊತ್ತ ಹಾಕಿದರೆ ಪುತ್ತೂರಿನ ಮಳೆ ಒಂದು ವರ್ಷ ಇದ್ದಕ್ಕಿದ್ದಂತೆ ಬದಲಾದ ಹಾಗೆ ಕಾಣುತ್ತದೆ. ಮೋಡ ಬದಲಾದದ್ದಲ್ಲ, ಗಡಿಗೆರೆ ಬದಲಾದದ್ದು. ಹಾಗಾಗಿ ನಾನು ಮಳೆಯ ಟೇಬಲ್ಲಿನಲ್ಲಿ ಊರನ್ನು ಮಾತ್ರ ಇಟ್ಟೆ. ಯಾವ ಊರು ಯಾವ ದಿನದಿಂದ ಯಾವ ತಾಲ್ಲೂಕು ಎಂಬುದಕ್ಕೆ ಬೇರೆ ಸಣ್ಣ ಟೇಬಲ್. ಎರಡನ್ನೂ ಜೋಡಿಸುವುದು ಆಸ್-ಆಫ್ ಜಾಯಿನ್, ಕ್ಯೂನಲ್ಲಿ ಎರಡೇ ಅಕ್ಷರ, ಎಜೆ. ಒಂದೊಂದು ಸಾಲಿಗೂ ಆ ತಾರೀಖಿನಂದು ಜಾರಿಯಲ್ಲಿದ್ದ ಕೊನೆಯ ಮಾಹಿತಿಯನ್ನು ಹುಡುಕಿ ತರುತ್ತದೆ. ಅಡಿಕೆ ದರಕ್ಕೂ ಅದೇ: ಭಾನುವಾರ ಪುತ್ತೂರು ಪೇಟೆಯಲ್ಲಿ ದರವಿಲ್ಲ, ಎಜೆ ಶನಿವಾರದ ದರ ಕೊಡುತ್ತದೆ. ಷೇರು ಖರೀದಿಯಾದ ಕ್ಷಣಕ್ಕೆ ಮೊದಲು ಕೂಗಿದ ಬೆಲೆ ಯಾವುದೆಂದು ನೀನು ದಿನಾ ಹುಡುಕುವುದೂ ಇದರಿಂದಲೇ. ಕೆಡಿಬಿ ಪ್ಲಸ್ಸನ್ನು ಬ್ಯಾಂಕುಗಳು ಬಿಡದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಅದು ಒಂದೊಂದು ದಿನಕ್ಕೆ ಒಂದು ಫೋಲ್ಡರ್, ಒಂದೊಂದು ಕಾಲಂಗೆ ಒಂದು ಫೈಲ್ ಮಾಡಿ ಇಡುತ್ತದೆ. ಬೆಲೆ ಬೇಕಾದರೆ ಬೆಲೆಯ ಫೈಲನ್ನಷ್ಟೇ ತೆರೆದರಾಯಿತು.

ಈ ತಾರೀಖಿನ ವಿಷಯದಲ್ಲಿ ಒಂದು ಮಾತು. ಹವಾಮಾನ ಇಲಾಖೆಗೆ ಇವತ್ತಿನ ಮಳೆ ಎಂದರೆ ಇವತ್ತು ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಯ ಮಳೆ. ಅಜ್ಜ ಅದನ್ನು ನಿನ್ನೆಯ ತಾರೀಖಿಗೆ ಬರೆಯುತ್ತಿದ್ದರು, ಬಿದ್ದದ್ದು ನಿನ್ನೆ ತಾನೇ ಎಂದು. ಕಡಬದ ನೆಂಟರು ಇವತ್ತಿನದಕ್ಕೆ ಬರೆಯುತ್ತಾರೆ. ಈಗ ಪಂಚಾಯಿತಿ ಪಂಚಾಯಿತಿಗೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮಳೆಮಾಪಕ ಇದೆ, ಕಾಲು ಗಂಟೆಗೊಮ್ಮೆ ಲೆಕ್ಕ ಕಳಿಸುತ್ತದೆ. ಅದರ ಜೊತೆ ಹೋಲಿಸಲು ಹೋದರೆ ಅಜ್ಜನ ಪುಸ್ತಕ ಒಂದು ದಿನ ಹಿಂದೆ. ಇಬ್ಬರೂ ಸರಿಯೇ. ಯಾರ ದಿನ ಎಲ್ಲಿಗೆ ಮುಗಿಯುತ್ತದೆಂದು ಸ್ಕ್ರಿಪ್ಟಿನ ತಲೆಯ ಮೇಲೆ ಒಂದು ಸಾಲು ಕಾಮೆಂಟ್ ಬರೆದಿರಬೇಕು. ನಿಮ್ಮಲ್ಲಿ ನ್ಯೂಯಾರ್ಕಿನ ದಿನ, ಮುಂಬೈಯ ದಿನ ಬೇರೆ ಬೇರೆ ಮುಗಿಯುತ್ತದಲ್ಲ, ಅಲ್ಲಿ ಅದನ್ನು ಯಾರಾದರೂ ಬರೆದಿಟ್ಟಿದ್ದಾರೋ ನೋಡು. ಇರಲಿಕ್ಕಿಲ್ಲ ಎಂದು ನನ್ನ ಊಹೆ.

ಇರಲಿಕ್ಕಿಲ್ಲ ಏಕೆಂದರೆ ಈ ಭಾಷೆಯವರಿಗೆ ಒಂದು ಸಣ್ಣ ಜಂಬ ಇದೆ. ಸಾಲು ಕಡಿಮೆಯಾದಷ್ಟೂ ಗಂಡಸುತನ ಎಂಬಂತೆ ಆಡುತ್ತಾರೆ. ವೇರಿಯಬಲ್ಲಿಗೆ ಒಂದೇ ಅಕ್ಷರ, ಕಾಮೆಂಟ್ ಬರೆದರೆ ಅವಮಾನ. ವಿಟ್ನಿಯವರು ಹಾಗೆ ಬರೆಯುತ್ತಾರೆ, ನಿಜ. ಅವರು ಬರೆದದ್ದನ್ನು ಇಡಿಯಾಗಿ ತಲೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ, ಅವರಿಗೆ ಸಲ್ಲುತ್ತದೆ. ಫಂಕ್ಷನ್ನಿನೊಳಗಿನ ಎಕ್ಸ್, ವೈ ಹಾಗೇ ಇರಲಿ, ಅದು ಭಾಷೆಯ ಜಾಯಮಾನ. ಫೈಲಿನ ಹೆಸರು, ಟೇಬಲ್ಲಿನ ಹೆಸರು, ಲಾಗಿನ ಮಾತು ಇವುಗಳಲ್ಲಿ ಜಿಪುಣತನ ಬೇಡ. ರಾತ್ರಿ ಎರಡು ಗಂಟೆಗೆ ಎಬ್ಬಿಸಲ್ಪಟ್ಟು ಅದನ್ನು ಓದುವವಳು ನಿನ್ನಷ್ಟೇ ಓದಿದ, ನಿನ್ನಷ್ಟೇ ನಿದ್ದೆಗೆಟ್ಟ ಇನ್ನೊಂದು ಹುಡುಗಿ.

ಮುಂದಿನ ಸೋಮವಾರ ಆ ಹಳೆಯ ಸ್ಕ್ರಿಪ್ಟುಗಳಲ್ಲಿ ಅತಿ ಹೆಚ್ಚು ಓಡುವ ಒಂದನ್ನು ಹಿಡಿ. ಪೂರ್ತಿ ತಿರುಗಿ ಬರೆಯುವ ಉತ್ಸಾಹ ಬೇಡ. ಹೊಸಬರು ಹಾಗೆ ಮಾಡಿದರೆ ಯಾರಿಗೂ ಇಷ್ಟವಾಗುವುದಿಲ್ಲ, ಅದು ನ್ಯಾಯವೂ ಹೌದು. ಒಳಗೆ ಬಂದ ತಾರೀಖು ನಲ್ ಆಗಿದ್ದರೆ ನಿಲ್ಲಿಸುವ ಒಂದು ಸಾಲು ಹಾಕು. ಎಷ್ಟು ಸಾಲು ಓದಿತು, ಅದರಲ್ಲಿ ಎಷ್ಟು ಖಾಲಿ, ಎಷ್ಟು ಬರೆಯಿತು ಎಂದು ಲಾಗಿಗೆ ಹೇಳುವ ಒಂದು ಸಾಲು ಹಾಕು. ಕೆಟ್ಟರೆ "ಎಕ್ಸಿಟ್ 1" ಮಾಡುವ ಒಂದು ಟ್ರ್ಯಾಪ್ ಹಾಕು. ಹಾಕಿ ಒಂದು ವಾರ ಓಡಲಿ. ಖಾಲಿ ಎಷ್ಟು ಬಂತೆಂದು ನನಗೆ ಬರೆ. ಬ್ಯಾಂಕಿನ ಗುಟ್ಟೇನೂ ಬೇಡ, ಸಂಖ್ಯೆ ಮಾತ್ರ ಸಾಕು.

ಇಂತು ನಿನ್ನ,
ಮಾವ